‘ದೋ’ ಬಂದ ಮೇಲೆ ‘ಬಟ್’ ಏಕೆ?

“ನಮ್ಮ ಮನ್ಯಾಗ ಯಾರಿಗೂ ಇಂಗ್ಲಿಷ್ ಬರಂಗಿಲ್ರೀ ಅಕ್ಕೋರ, ಅದಕ್ಕ ಹುಡುಗಿ ಹಿಂಗ ತಪ್ಪು ಬರಿತಾಳ” ಎಂದು ಬ್ಯಾಡಗಿಯ ತಾಯಿಯೊಬ್ಬಳು ನನ್ನೆದುರು ಕಣ್ಣೊರೆಸಿಕೊಂಡಳು. ಮಗಳು ಸಂಜೆ ನನ್ನಲ್ಲಿಗೆ ಪಾಠಕ್ಕೆ ಬರುವವಳು. ಅವಳ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ. ಹುಡುಗಿ ‘ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್’ ಎಂದು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಮಸಿಯ ಟೀಕೆ: ಮನೆಯಲ್ಲಿ ಕನ್ನಡ ಬಿಡಿಸಿ.

ನನಗೆ ಮೈ ಉರಿಯಿತು. ಈ ತಪ್ಪು ಕನ್ನಡದ್ದಲ್ಲವೇ ಅಲ್ಲ! ‘ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪಾಗಿದ್ದರೂ ಖಾರ ಕಡಿಮೆ’ ಎನ್ನುತ್ತೇವೆ. (2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಾಯಿಯ ಗುಣವೇ ಅದು.) ‘ಇದ್ದರೂ’ ಎಂದ ಮೇಲೆ ಮತ್ತೆ ‘ಆದರೆ’ ಸೇರಿಸುವ ಅಜ್ಜಿಯನ್ನು ನೀವು ಕಂಡಿದ್ದೀರಾ? ‘ಮಳೆ ಬಂದದ್ದರಿಂದ ಸಂತೆಗೆ ಹೋಗಲಿಲ್ಲ’ ಎನ್ನುವವಳಿಗೆ ‘ಬಿಕಾಸ್’ ಜೊತೆಗೆ ‘ಸೋ’ ಏಕೆ ಬೇಕು?

ತಪ್ಪು ಹುಟ್ಟುವುದು ಶಬ್ದಾರ್ಥದ ಪಟ್ಟಿಯಲ್ಲಿ. ದೋ ಎಂದರೆ ಆದರೂ, ಬಟ್ ಎಂದರೆ ಆದರೆ. ಎರಡನ್ನೂ ಬಾಯಿಪಾಠ ಮಾಡಿದ ಮಗು ಎರಡನ್ನೂ ಬರೆಯುತ್ತದೆ. ‘ದೋ’ಗೆ ನಿಜವಾದ ಜೋಡಿ ಕ್ರಿಯಾಪದದ ಬಾಲಕ್ಕಂಟಿದ ‘ದರೂ’ ಎಂದು ಹೇಳಬೇಕಾದವರು ನಾವು, ಮೇಷ್ಟರು ಮತ್ತು ಅಕ್ಕೋರು. ಹೇಳುವುದಿಲ್ಲ.

ಕನ್ನಡ ಎಡವಿಸುವ ಜಾಗವೂ ಇದೆ, ಮುಚ್ಚಿಡುವುದಿಲ್ಲ. ‘ಓದದ ಹೊರತು ಪಾಸಾಗುವುದಿಲ್ಲ’ ಎಂಬುದನ್ನು ಮಕ್ಕಳು ‘ಅನ್‌ಲೆಸ್ ಯು ಡೋಂಟ್ ರೀಡ್’ ಎಂದು ಶುರು ಮಾಡುತ್ತಾರೆ. ಅನ್‌ಲೆಸ್‌ನ ಹೊಟ್ಟೆಯಲ್ಲೇ ‘ಇಲ್ಲ’ ಕೂತಿದೆ, ಇನ್ನೊಂದು ಬೇಡ. ಇದನ್ನು ತಿದ್ದಬೇಕಾದರೂ ‘ಓದದ’ ಎಂಬಲ್ಲಿ ಅಡಗಿದ ‘ಇಲ್ಲ’ವನ್ನು ಮಗುವಿಗೆ ತೋರಿಸಲೇಬೇಕು. ಕನ್ನಡಕ್ಕೆ ದಂಡ ಹಾಕುವ ಕೋಣೆಯಲ್ಲಿ ಅದನ್ನು ತೋರಿಸುವುದು ಹೇಗೆ?

2007ರಿಂದ ನಮ್ಮ ಸರಕಾರಿ ಶಾಲೆಗಳಲ್ಲೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ಬರಲಿ, ನನ್ನ ಅನ್ನವೂ ಅದರಿಂದಲೇ. ಅದಕ್ಕಾಗಿ ತಾಯಂದಿರ ಬಾಯಿಗೆ ಬೀಗ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ.

“ರೊಟ್ಟಿ ಬಡಕೋತ ಮಗಳಿಗೆ ‘ದರೂ’ ಹಚ್ಚಿದ ಹತ್ತು ಮಾತು ಹೇಳ್ರೆವ್ವಾ, ಇಂಗ್ಲಿಷಿನದು ನಾ ನೋಡ್ಕೋತೀನಿ” ಎಂದೆ. ಮರುದಿನ ಹುಡುಗಿ ತಂದ ಮೊದಲ ವಾಕ್ಯ: ‘ಅಪ್ಪ ಬೈದರೂ ಅವ್ವ ನನ್ನ ಸಾಲಿ ಬಿಡಿಸಲಿಲ್ಲ.’ ಅದನ್ನು ಅವಳೇ ಇಂಗ್ಲಿಷಿಗೆ ತಿರುಗಿಸಿದಳು. ಅದರಲ್ಲಿ ‘ಬಟ್’ ಇರಲಿಲ್ಲ.