ಮನೆ ಉಳೀಬೇಕು ಸರಿ, ಖರ್ಚು ಯಾರದ್ದು?

ಮೈಸೂರಿನ ಮಹಾರಾಜ ಕಾಲೇಜು, ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಹಾಲ್ ಆಸುಪಾಸಿನ ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಸುಮ್ಮನೆ ಬೆಳೆದ ಬಡಾವಣೆಗಳಲ್ಲ. 1890ರ ದಶಕದ ಕೊನೆಯಲ್ಲಿ ಬಂದ ಪ್ಲೇಗು ಊರಿಗೆ ಪಾಠ ಕಲಿಸಿತು. 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಹುಟ್ಟಿತು. ಗಾಳಿ, ಬೆಳಕಿಗೆ ಅಗಲ ರಸ್ತೆ, ಹಿತ್ತಿಲ ಕಡೆ ಕಸ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ ಬಂದವು. 1916ರಲ್ಲಿ ವಿಶ್ವವಿದ್ಯಾನಿಲಯ ಬಂದ ಮೇಲೆ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಇಲ್ಲಿ ನೆಲೆ ಕಂಡರು.

ಈಗ ಹೆಂಚಿನ ಮನೆ ಉರುಳಿದ ಜಾಗದಲ್ಲಿ ಪೀಜಿ, ಅಪಾರ್ಟ್‌ಮೆಂಟು ಏಳುತ್ತಿವೆ. ಹುಡುಗರು ಬಂದರೆ ಹೋಟೆಲು, ಜೆರಾಕ್ಸ್ ಅಂಗಡಿಗೆ ವ್ಯಾಪಾರ, ನಿಜ. ಆದರೆ ಒಂದು ಸಂಸಾರಕ್ಕೆಂದು ಹಾಕಿದ ನೀರಿನ ಪೈಪು, ಒಳಚರಂಡಿ ಐವತ್ತು ಜನಕ್ಕೆ ತಾಳೀತೇ?

ಇದೇ ಊರಿನ ಯಾದವಗಿರಿಯಲ್ಲಿ ಸಾಹಿತಿ ಆರ್.ಕೆ. ನಾರಾಯಣ್ ಮನೆ ಕೆಡವುವ ಕೆಲಸ 2011ರಲ್ಲಿ ಶುರುವಾಗಿತ್ತು. ಕೂಗೆದ್ದಿತು, ಕೆಲಸ ನಿಂತಿತು. ಸಾರ್ವಜನಿಕ ಹಣದಲ್ಲಿ ದುರಸ್ತಿಯಾಗಿ 2016ರಲ್ಲಿ ಮ್ಯೂಸಿಯಂ ಆಯ್ತು. ಹೆಸರಾಂತರ ಮನೆ ಉಳೀತು. ಹೆಸರಿಲ್ಲದ ಮೇಷ್ಟ್ರ ಮನೆ ಗತಿ?

ಹೆಂಚು ಬದಲಿಸೋಕೆ, ತೊಲೆ ರಿಪೇರಿಗೆ ದುಡ್ಡು ಬೇಕು. ಬಿಲ್ಡರು ಸೈಟಿನ ಬೆಲೆ ಕೈಗಿಡೋಕೆ ಬಾಗಿಲಲ್ಲೇ ನಿಂತಿರ್ತಾನೆ. ಮಾರಿದ ಮಾಲೀಕನನ್ನ ಬೈದು ಏನು ಬಂತು? ‘ಪಾರಂಪರಿಕ ನಗರಿ’ ಅಂತ ಬೋರ್ಡು ಹಾಕಿದರೆ ಸೂರು ಸೋರೋದು ನಿಲ್ಲೋಲ್ಲ. ಉಳಿಸಿಕೊಳ್ಳುವವರಿಗೆ ಕಂದಾಯದಲ್ಲಿ ರಿಯಾಯಿತಿ, ದುರಸ್ತಿಗೆ ಸುಲಭ ಸಾಲ ಸಿಗಲಿ. ಹೊಸದಾಗಿ ಕಟ್ಟುವವರಿಗೆ ಬೀದಿಗೊಪ್ಪುವ ಎತ್ತರದ ಮಿತಿ ಇರಲಿ. ದಸರೆಗೊಂದು ಭಾಷಣ ಮಾಡಿ ಕೈತೊಳೆದುಕೊಂಡರೆ ಮುಂದಿನ ದಸರೆಗೆ ಇನ್ನಷ್ಟು ಹೆಂಚು ಲಾರಿ ಹತ್ತಿರುತ್ತೆ, ಅಷ್ಟೇ.