ಕೊನೆಯ ಕಂತೋ, ಹೊಸ ಉದ್ರಿ ಖಾತೆಯೋ?

ಕನ್ನಡದ ತರುಣರೇ,

ಬೆಂಗಳೂರಿನಿಂದ ಜಾತ್ರೆಗೆ ಊರಿಗೆ ಬಂದಾಗ ಕೊಡೇಕಲ್ಲಿನ ನನ್ನ ಪ್ರೆಸ್ಸಿನ ಕಟ್ಟೆಯ ಮೇಲೆ ಕೂತು ನೀವು ಮಾಡುವ ಜಗಳ ಇನ್ನೂ ಮುಗಿದಿಲ್ಲ. ‘ಕೆಜಿಎಫ್’ ಕಥೆ ಎರಡನೇ ಭಾಗಕ್ಕೆ ಮುಗಿಯಿತೇ? ಇಲ್ಲಾ ಮೂರನೆಯದಕ್ಕೆ ಬಾಗಿಲು ತೆಗೆಯಿತೇ? ಪಿಯುಸಿಗೇ ಓದು ಬಿಟ್ಟು ಮೊಳೆ ಜೋಡಿಸಿದ ನನ್ನ ಮಾತನ್ನೂ ಕೇಳಿ.

ಪ್ರೆಸ್ಸಿಗೆ ಬರುವ ಗಿರಾಕಿ ಎರಡು ಬಗೆ. ಹಳೇ ಬಾಕಿ ಚುಕ್ತಾ ಮಾಡಿ ಹೊಸ ಕೆಲಸ ಕೊಡುವವನು ಒಬ್ಬ. ಬಾಕಿ ಕೇಳಿದರೆ ಹೊಸ ಆರ್ಡರಿನ ಆಸೆ ತೋರಿಸುವವನು ಇನ್ನೊಬ್ಬ. ಕಥೆ ಹೇಳುವವರೂ ಅಷ್ಟೇ!

2018ರ ಡಿಸೆಂಬರ್ 21ರಂದು ಬಂದ ಮೊದಲ ಭಾಗ ಪ್ರಾಮಾಣಿಕ ಗಿರಾಕಿ. ಗರುಡನನ್ನು ಕೊಲ್ಲಲು ಹೋದ ರಾಕಿ ಕೊನೆಗೆ ಕೊಂದ. ಬಾಕಿ ತೀರಿತು. ಆಮೇಲೆ ಅಧೀರ, ರಮಿಕಾ ಸೇನ್ ಎಂಬ ಹೊಸ ಖಾತೆ ತೆರೆದರು. ಮೂರು ವರ್ಷ ಕಾದೆವು, ಬೇಸರಪಡಲಿಲ್ಲ. 2022ರ ಏಪ್ರಿಲ್ 14ರಂದು ಬಂದ ಎರಡನೆಯದರಲ್ಲಿ ರಾಕಿ ತಾಯಿಗೆ ಕೊಟ್ಟ ಮಾತು ತೀರಿಸಿ ಚಿನ್ನದ ಜೊತೆ ಕಡಲಲ್ಲಿ ಮುಳುಗಿದ. ನಮ್ಮ ದೊಡ್ಡಾಟವಾಗಿದ್ದರೆ ಅಲ್ಲಿಗೆ ಮಂಗಳ ಹಾಡುತ್ತಿದ್ದರು. ಇವರು ಹೆಸರು ಓಡುವ ಹೊತ್ತಿಗೆ ಮೂರನೇ ಭಾಗದ ಕರಡು ತೋರಿಸಿದರು! ಹಾಗಾದರೆ ನಾವು ಸುರಿಸಿದ ಕಣ್ಣೀರು ಯಾವ ಲೆಕ್ಕಕ್ಕೆ?

‘ಕುತೂಹಲ ಉಳಿಸಬಾರದೇ?’ ಎನ್ನುತ್ತೀರಿ. ಉಳಿಸಲಿ. ಆದರೆ ಚರಿತ್ರೆ ಬಿಚ್ಚದೆ ಬಿಟ್ಟ ಗಂಟು ಬೇರೆ, ವ್ಯಾಪಾರಿ ಜೇಬಿನಲ್ಲಿ ಬಚ್ಚಿಟ್ಟ ಗಂಟು ಬೇರೆ.

ನಮ್ಮ ಸುರಪುರವನ್ನೇ ನೋಡಿ. ಬ್ರಿಟಿಷರ ವಿರುದ್ಧ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೆರೆಯಾದ. ಮರಣದಂಡನೆ ತಪ್ಪಿ, ಚೆಂಗಲ್‌ಪಟ್ಟಿಗೆ ಸಾಗಿಸುವಾಗ ದಾರಿಯಲ್ಲೇ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಎಂದು ಬರೆದವನು ಮೆಡೋಸ್ ಟೇಲರ್. ಅವನನ್ನು ಈ ರಾಜ ಬಾಲ್ಯದಲ್ಲಿ ‘ಅಪ್ಪ’ ಎನ್ನುತ್ತಿದ್ದ! ಟೇಲರ್ ಬರೆದದ್ದನ್ನು ಒಪ್ಪದವರು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಈ ಕಥೆಯ ಕೊನೆಯ ಕಂತನ್ನು ಪ್ರಶ್ನೆಯಾಗಿ ಬಿಟ್ಟರೆ ಅದು ಮೋಸವಲ್ಲ, ಸತ್ಯ. ರಾಜನ ಬದುಕಿನ ಲೆಕ್ಕ ಮುಗಿಯುತ್ತದೆ, ನಮ್ಮ ಹುಡುಕಾಟ ಶುರುವಾಗುತ್ತದೆ. ಕೊನೆ ಎಂದರೆ ಹೀಗಿರಬೇಕು.

ಆದರೆ ಇದನ್ನು ಹತ್ತು ಕಂತಿನಲ್ಲಿ ಕನ್ನಡದಲ್ಲೇ ತೆಗೆಯುವವರು ಯಾರು? ತೆಗೆದರೂ ಕೊಳ್ಳುವವರು ಯಾರು? ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ದೊಡ್ಡ ಓಟಿಟಿ ವೇದಿಕೆಗಳು ಕೊಳ್ಳಲಿಲ್ಲ. ಕೊನೆಗೆ ರಕ್ಷಿತ್ ಶೆಟ್ಟಿಯವರ ತಂಡ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ತಿಂಗಳು ತಿಂಗಳು ಚಂದಾ ಕಟ್ಟುವ ಕನ್ನಡಿಗನ ಹಣ ಕಹಿಯಲ್ಲ, ಅವನ ಕಥೆ ಮಾತ್ರ ಕಹಿ!

ಪರಭಾಷೆಯ ಸೀಸನ್ ಹೇಗೆ ಮುಗಿಯಿತೆಂದು ರಾತ್ರಿಯಿಡೀ ವಾದ ಮಾಡುವ ತರುಣರೇ, ಮುಗಿಯುವ ಮಾತು ಹಾಗಿರಲಿ, ಕನ್ನಡದಲ್ಲಿ ಶುರುವಾಗುವುದು ಯಾವಾಗ? ಚಂದಾ ಕಟ್ಟುವ ಮುನ್ನ ಆ ಕಂಪನಿಗೆ ಒಂದು ಪ್ರಶ್ನೆ ಕಳಿಸಿ: ‘ಈ ವರ್ಷ ಕನ್ನಡದಲ್ಲೇ ತೆಗೆದ ಸರಣಿ ಎಷ್ಟು?’ ಉತ್ತರ ಬರದಿದ್ದರೆ ಹಣ ಬಿಚ್ಚಬೇಡಿ.

ಬಾಕಿ ವಸೂಲಿಗೆ ಅದೊಂದೇ ದಾರಿ. ಮೂವತ್ತು ವರ್ಷದ ಗಲ್ಲಾಪೆಟ್ಟಿಗೆ ನನಗೆ ಕಲಿಸಿದ್ದು ಇಷ್ಟೇ.