ಆನೆಗೆ ಈಡು ಹೊಡೆಯಬೇಡಿ

ಸಕಲೇಶಪುರ, ಆಲೂರು ಸೀಮೆಯ ಕೋವಿ ಲೈಸೆನ್ಸ್ ಇರುವ ಬೆಳೆಗಾರ ಬಂಧುಗಳೇ,

ಗದ್ದೆಯಲ್ಲಿ ಭತ್ತ ಹಾಲುಗಟ್ಟಿ, ತೋಟದಲ್ಲಿ ಕಾಫಿ ಹಣ್ಣಾಗುವ ಹೊತ್ತಿಗೆ ನಮ್ಮಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಆನೆಗೆ ಯಾವ ಕೋವಿ ಸರಿ? ತೋಟೆಕೋವಿಗೆ ದಪ್ಪ ಚರೆ ಹಾಕಿದರೆ ಸಾಕಾ, ಒಂಟಿ ಗುಂಡೇ ಬೇಕಾ, 315 ರೈಫಲ್ ಆದರೆ ಹೇಗೆ? ಇದು ಮಾತಿಗೇ ಮುಗಿದರೆ ನನ್ನದೇನೂ ತಕರಾರಿಲ್ಲ. ಆದರೆ ಸೆರೆ ಸಿಕ್ಕ ಕಾಡಾನೆಗಳ ಚರ್ಮದಡಿ ಪಶುವೈದ್ಯರು ಚರೆ ಕಂಡಿದ್ದಾರೆ.

ಲೆಕ್ಕವನ್ನೇ ನೋಡೋಣ. ಆನೆ ಬೇಟೆಗೆ ಅನುಮತಿ ಕೊಡುವ ಆಫ್ರಿಕಾದ ದೇಶಗಳಲ್ಲಿ ಸಾಮಾನ್ಯವಾಗಿ 375ಕ್ಕಿಂತ ಕಡಿಮೆ ಕ್ಯಾಲಿಬರಿನ ರೈಫಲ್ ಒಪ್ಪುವುದಿಲ್ಲ. ಅದರ ಗುಂಡಿನ ತೂಕ ಸುಮಾರು 19 ಗ್ರಾಂ. ಆನೆಗೆಂದು ಬಳಸುವಾಗ ಮೂಳೆಗೆ ಬಡಿದರೂ ಚಪ್ಪಟೆಯಾಗದ ಗಟ್ಟಿ ಗುಂಡೇ ಬೇಕು. ನಮ್ಮ 12 ಬೋರ್ ಕೋವಿಯ ನಳಿಗೆ ಅದರ ಹತ್ತಿರ ಹತ್ತಿರ ಎರಡರಷ್ಟು ಅಗಲ, ಹದಿನೆಂಟೂವರೆ ಮಿಲಿಮೀಟರ್. ಅಗಲ ನೋಡಿ ಮೋಸ ಹೋಗಬೇಡಿ. ಸೀಸ ಮೆತ್ತಗೆ, ವೇಗ ಕಡಿಮೆ. ಆನೆಯ ತಲೆಬುರುಡೆ ಗೂಡುಗೂಡಾದ ಮೂಳೆ, ಮಿದುಳು ಇರುವುದು ಅದರ ಹಿಂದೆ ಬಹಳ ಆಳದಲ್ಲಿ. ಚರೆ ಅಲ್ಲಿಗೆ ಮುಟ್ಟುವ ಮಾತೇ ಇಲ್ಲ. 315 ರೈಫಲ್ಲೂ ಆ ಕೆಲಸಕ್ಕೆ ಮಾಡಿದ್ದಲ್ಲ. ಕೇಪಿನ ಕೋವಿಯ ಸುದ್ದಿ ಬಿಟ್ಟುಬಿಡಿ.

ದೊಡ್ಡ ರೈಫಲ್ಲೇ ತರೋಣ ಅನ್ನುವವರೂ ಇದ್ದಾರೆ. ಆದರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಇದೆ. ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷ ಜೈಲು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು ಇದಕ್ಕೆ ರಹದಾರಿಯಲ್ಲ.

ಕಾನೂನಿಗಿಂತ ನನ್ನ ಭಯ ಬೇರೆ. ರಾತ್ರಿ ಈಡು ತಿಂದ ಆನೆ ಸಾಮಾನ್ಯವಾಗಿ ಅಲ್ಲೇ ಸಾಯುವುದಿಲ್ಲ. ಗಾಯ ಕೀವಾಗುತ್ತದೆ, ಅದು ಕಾಫಿ ಗಿಡಗಳ ನಡುವೆ ನೆರಳು ಹುಡುಕಿ ನಿಲ್ಲುತ್ತದೆ. ಬೆಳಿಗ್ಗೆ ಅದೇ ಪಟ್ಟೆಗೆ ಹಣ್ಣು ಕೊಯ್ಯಲು ಇಳಿಯುವವರು ಆಳುಗಳು. ಕೋವಿ ಹಿಡಿದ ಧಣಿ ಆಗ ಅಲ್ಲಿರುವುದಿಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಯ ಚಿಕಿತ್ಸೆಗಾಗಿ ಅರಿವಳಿಕೆ ಮದ್ದು ಹಾರಿಸಲು ಹೋದ ‘ಆನೆ ವೆಂಕಟೇಶ್’ ಅದರ ದಾಳಿಗೆ ಬಲಿಯಾದರು. ವರ್ಷಗಟ್ಟಲೆ ಆನೆಗಳ ಜೊತೆ ಪಳಗಿದ ಕೈ ಅದು. ಅವರಿಗೇ ಹಾಗಾದರೆ ಬುತ್ತಿ ಹಿಡಿದು ಬರುವ ಹೆಣ್ಣಾಳಿನ ಪಾಡೇನು?

ಗಾಳಿಗೆ ಗುಂಡು ಹಾರಿಸುತ್ತೇವಷ್ಟೇ ಎನ್ನುತ್ತೀರಿ. ಹಿಂಡು ಚದುರಿ ಮರಿಯಾನೆ ಒಂದು ಕಡೆ, ತಾಯಿ ಒಂದು ಕಡೆಯಾದರೆ ಪಕ್ಕದ ತೋಟದವನ ಗತಿ ಯೋಚಿಸಿ.

ನಿಮ್ಮ ಸಿಟ್ಟು ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಬಾಳೆ, ಭತ್ತ, ಹತ್ತಾರು ವರ್ಷದ ಕಾಫಿ ಗಿಡ ನೆಲ ಕಚ್ಚಿದ ಮನೆಯಲ್ಲಿ ಉಪದೇಶ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. 2014ರ ಸುಮಾರಿಗೆ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆ ಜಾಗಕ್ಕೆ ಬೇರೆ ಆನೆಗಳು ಬಂದವು. ಪರಿಹಾರಕ್ಕೆ, ಕಂದಕಕ್ಕೆ, ರೈಲು ಕಂಬಿಯ ಬೇಲಿಗೆ ಸರ್ಕಾರದ ಜೊತೆ ಜಗಳವಾಡಿ, ನಾನೂ ಬರುತ್ತೇನೆ. ಆದರೆ ಕೋವಿ ಒಳಗಿರಲಿ. ಕಾವಲಿನ ಹುಡುಗರ ಕೈಗಂತೂ ಕೊಡಲೇಬೇಡಿ. ಆನೆ ಎಲ್ಲಿದೆಯೆಂದು ತಿಳಿದುಕೊಂಡೇ ಆಳುಗಳನ್ನು ಕೆಲಸಕ್ಕೆ ಇಳಿಸಿ. ಅರಣ್ಯ ಸಹಾಯವಾಣಿಯ ಸಂಖ್ಯೆ 1926. ಯಾರಾದರೂ ಈಡು ಹೊಡೆದದ್ದು ಗೊತ್ತಾದರೆ, ಅವರು ನೆಂಟರೇ ಆಗಿರಲಿ, ಬೆಳಗಾಗುವುದರೊಳಗೆ ತಿಳಿಸಿ. ಅವರ ಹೆಸರು ಹೇಳಲು ಸಂಕೋಚವಾದರೆ ಬಿಡಿ, ಗಾಯಗೊಂಡ ಆನೆ ಯಾವ ಕಡೆ ಹೋಯಿತು ಅನ್ನುವುದನ್ನಾದರೂ ಹೇಳಿ.